ಎಣ್ಣೆ ಕುಡಿದ ನೆಲ

"ಈ ತುಮಕೂರು ಸೀಮೇಲಿ ಈಜು ಬರೋ ಪ್ರತಿಯೊಬ್ಬನೂ ಕಲ್ತಿದ್ದು ನನ್ನ ಹಿತ್ತಲಲ್ಲೇ ಕಣಯ್ಯ. ಮನುಷ್ಯರು ಹಂಗಿರ್ಲಿ, ಹೇಮಾವತಿ ಚಾನೆಲ್ಲಿನ ಮೀನುಗಳೂ ಇಲ್ಲಿಗೆ ಬಂದು ನಾಕು ಪಟ್ಟು ಕಲ್ತ್ಕೊಂಡು ಹೋಗ್ತಿದ್ವು!"

ಇಷ್ಟು ಹೇಳಿ ಸದಾಶಿವಯ್ಯನವರು ಮನೆಯ ಹಿಂದಿನ ಖಾಲಿ ಈಜುಕೊಳದ ಅಂಚಿಗೆ ಕುರ್ಚಿ ಎಳೆದುಕೊಂಡು ಕೂತರು. ಗುಬ್ಬಿಯ ಕೊಬ್ಬರಿ ವ್ಯಾಪಾರ ಬಿಟ್ಟು ವರ್ಷಗಳಾಗಿದ್ದರೂ ಒಂದಕ್ಕೆ ನೂರು ಸೇರಿಸುವ ಚಾಳಿ ಅವರನ್ನು ಬಿಟ್ಟಿರಲಿಲ್ಲ. ತಾವು ಜೋರಾಗಿ ಸೀನಿದರೆ ಶಿರಾ ಗೇಟಿನಲ್ಲಿ ಟ್ರಾಫಿಕ್ ನಿಂತುಬಿಡುತ್ತದೆ ಎಂದು ಹೇಳಿಕೊಂಡವರು ಅವರು. ಕೊಳದೊಳಗೆ ಕುಕ್ಕರುಗಾಲಿನಲ್ಲಿ ಕೂತಿದ್ದ ಹನುಮಂತರಾಜುವಿಗೆ ಮಾತ್ರ ನಗು ಬರಲಿಲ್ಲ. ಸವೆದು ಗುಳಿಬಿದ್ದ ನೆಲಕ್ಕೆ ಹೋದ ವಾರವಷ್ಟೇ ಅವನು ಬಳಿದಿದ್ದ ಹೊಸ ನೀಲಿ ಕೋಟಿಂಗು, ಕಾದ ಹೆಂಚಿನಿಂದ ದೋಸೆ ಎದ್ದ ಹಾಗೆ ಎದ್ದು ಬರುತ್ತಿತ್ತು.

"ಸತ್ಯಮಂಗಲದಾಗೆ ಇದೇ ಮಾಲು ಹಾಕಿರೋ ತೊಟ್ಟಿ ಕಲ್ಲಿದ್ದಂಗೈತೆ ಯಜಮಾನ್ರೇ. ಇಲ್ಲಿ ಕೆಳಗಿನ ಗಾರೆ ಏನೋ ಎಣ್ಣೆ ಕುಡ್ದೈತೆ. ಅದ್ಕೇ ಹಿಡೀತಿಲ್ಲ."

"ಕುಡೀದೆ ಇರುತ್ತಾ? ಗರಡಿ ಪೈಲ್ವಾನ್ರು ಮೈಗೆ ಎಣ್ಣೆ ತಿಕ್ಕೊಂಡು ಸೀದಾ ಇಲ್ಲಿಗೇ ಬಂದು ಧುಮುಕ್ತಿದ್ರು. ಒಬ್ಬ ಬಿದ್ರೆ ಸಾಕು, ನೀರು ಎಗರಿ ದೇವರಾಯನದುರ್ಗದಲ್ಲಿ ಮಳೆ! ನೆಲ ಸವೆದಿರೋದೂ ಅವ್ರ ಕಾಲು ತಿಕ್ಕೀ ತಿಕ್ಕೀನೇ."

"ಮೈಯೆಣ್ಣೆ ಆದ್ರೆ ಮೇಲ್ಮೇಲೆ ಇರ್ತೈತೆ. ಸೋಪಾಕಿ ಉಜ್ಜಿ ನಾಳೇನೇ ಇನ್ನೊಂದ್ ಕೋಟ್ ಹೊಡೀಬೋದು. ಬೇರೆ ಏನಾದ್ರೂ ಆಳಕ್ಕಿಳಿದಿದ್ರೆ ಗಾರೇನೆಲ್ಲ ಕಿತ್ತು ಹೊಸದಾಗೇ ಮಾಡ್ಬೇಕು, ತಡ ಆಗ್ತೈತೆ. ಸರಿಯಾಗಿ ಯೋಚ್ನೆ ಮಾಡಿ ಹೇಳಿ. ನೀರು ತುಂಬಿದ್ಮೇಲೆ ಎದ್ಬಂದ್ರೆ ನನ್ನ ಕೇಳ್ಬ್ಯಾಡಿ."

"ನಾಳೇನೇ ಹೊಡಿ" ಎಂದರು ಸದಾಶಿವಯ್ಯ. ಅವರ ಅವಸರಕ್ಕೆ ಕಾರಣವಿತ್ತು. ಕುಣಿಗಲ್ಲಿನಲ್ಲಿ ಟೀಚರಾಗಿರುವ ಮಗಳು ಮಾಲಿನಿ ರಜೆಗೆ ಬಂದಿದ್ದಳು. ದಿನವಿಡೀ ನಿಂತು ಪಾಠ ಮಾಡಿ ಮಾಡಿ ಅವಳ ಸೊಂಟ ಹೋಗಿತ್ತು. ಈಜುವುದೇ ಔಷಧಿ ಎಂದಿದ್ದರು ಡಾಕ್ಟರು. "ಈ ವಯಸ್ಸಲ್ಲಿ ನಾನೆಲ್ಲಿ ಈಜು ಕಲೀಲಿ ಅಪ್ಪಾಜಿ" ಎಂದು ಅವಳು ಫೋನಿನಲ್ಲಿ ನಕ್ಕಿದ್ದಳು. ಸದಾಶಿವಯ್ಯ ನಕ್ಕಿರಲಿಲ್ಲ. ಆ ಫೋನಿಟ್ಟವರೇ ಹನುಮಂತರಾಜುವಿಗೆ ಫೋನು ಹಚ್ಚಿದ್ದರು. ರಜೆ ಮುಗಿಯುವುದರೊಳಗೆ ಇದರಲ್ಲಿ ನೀರು ನಿಲ್ಲಬೇಕಿತ್ತು.

"ನಿಮ್ಮ ಮಗಳೂ ಇಲ್ಲೇ ಈಜ್ತಿದ್ರಾ ಯಜಮಾನ್ರೇ?"

"ಮಾಲಿನೀನಾ? ನೀರ ಮೇಲೆ ಅಂಗಾತ ಮಲ್ಕೊಂಡು ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದ್ತಿದ್ಲು ಕಣಯ್ಯ. ಪುಸ್ತಕಕ್ಕೆ ಒಂದು ಹನಿ ತಾಗ್ತಿರ್ಲಿಲ್ಲ!"

ಅದೇ ಹೊತ್ತಿಗೆ ಮಾಲಿನಿ ಒಂದು ಕೈ ಸೊಂಟದ ಮೇಲಿಟ್ಟುಕೊಂಡು ಕಾಫಿ ತಂದಳು. ಹನುಮಂತರಾಜು ಎದ್ದು, ಕಿತ್ತುಬಂದ ಒಂದು ನೀಲಿ ಚೂರನ್ನು ಅವಳ ಕೈಗಿತ್ತ. "ಅಕ್ಕಾ, ನೀವೇ ಹೇಳಿ. ಇಲ್ಲೇ ಈಜ್ತಿದ್ರಂತೆ, ಪೈಲ್ವಾನ್ರೂ ಬರ್ತಿದ್ರಂತೆ. ನಿಜಾನಾ?"

ಮಾಲಿನಿ ಚೂರನ್ನು ಮಗುಚಿ ಮೂಗಿನ ಹತ್ತಿರ ತಂದಳು. ಹಳೆಯ ಕಮಟು ವಾಸನೆ. ಅಪ್ಪನ ಮುಖ ನೋಡಿದಳು. ಅಪ್ಪ ಮೋಡವೇ ಇಲ್ಲದ ಆಕಾಶದಲ್ಲಿ ಮೋಡ ಹುಡುಕುತ್ತಿದ್ದರು.

"ಹೂಂ ಕಣಪ್ಪ, ಈಜ್ತಿದ್ದೆ" ಎಂದಳು. "ಅಪ್ಪಾಜಿ ಹೇಳಿದ್ಮೇಲೆ ಮುಗೀತು."

"ಹಂಗಾದ್ರೆ ಸೋಪು ತರ್ತೀನಿ" ಎಂದು ಹನುಮಂತರಾಜು ಕೈಯ ಧೂಳು ಕೊಡವಿಕೊಂಡ.

ಸದಾಶಿವಯ್ಯನವರ ಮಾತಿಗೆ ಇದುವರೆಗೆ ಒಬ್ಬರೂ ಸಾಕ್ಷಿ ನಿಂತಿರಲಿಲ್ಲ, ಹೆಂಡತಿ ಕೂಡ. ಈಗ ಸಾಕ್ಷಿ ಸಿಕ್ಕಿತ್ತು, ಅದೂ ಮಗಳೇ. ಅವರು ಕಾಫಿ ಲೋಟ ಕೆಳಗಿಟ್ಟರು.

"ತಾಳಯ್ಯಾ. ಸೋಪು ಬೇಡ, ಪೂರ್ತಿ ಕಿತ್ಹಾಕು" ಎಂದರು. "ಅದು ಕೊಬ್ಬರಿ ಎಣ್ಣೆ. ಪೈಲ್ವಾನ್ರೂ ಇಲ್ಲ, ಮೀನೂ ಇಲ್ಲ. ಇದ್ರಲ್ಲಿ ಒಂದು ಕೊಡ ನೀರೂ ನಿಂತಿಲ್ಲ. ಇವಳು ಹಟ ಮಾಡಿದ್ಲು ಅಂತ ಕಟ್ಟಿಸ್ದೆ. ಕಟ್ಟಿಸಿದ್ಮೇಲೆ ನೆಂಟ್ರು 'ಬೆಳೆದ ಹುಡುಗಿ, ಅಕ್ಕಪಕ್ಕದ ತಾರಸಿಯಿಂದ ಎಲ್ರೂ ನೋಡ್ತಾರೆ' ಅಂದ್ರು. ನೀರು ಬಿಡ್ಲಿಲ್ಲ. ಜಾಗ ಯಾಕೆ ದಂಡ ಅಂತ, ಎಣ್ಣೆ ಮಿಲ್ಲಿಗೆ ಹಾಕೋ ಕೆಟ್ಟ ಕೊಬ್ಬರಿ ಸುರಿದು ಒಣಗಿಸ್ದೆ. ವರ್ಷಾನುಗಟ್ಲೆ. ನೆಲ ಸವೆದಿದ್ದು ಸನಿಕೇಲಿ ಎಳೆದೂ ಎಳೆದೂ."

"ಹೋಗ್ಲಿ ಬಿಡಿ ಅಪ್ಪಾಜಿ. ಈಗ್ಯಾಕೆ ಅದೆಲ್ಲ?"

"ಇವಳು ಈಜಿದ್ದೊಂದು ಸುಳ್ಳಲ್ಲ ಕಣಯ್ಯ." ಅವರ ದನಿ ಎಷ್ಟು ಇಳಿಯಿತೆಂದರೆ ಹನುಮಂತರಾಜು ಹತ್ತಿರ ಬಂದು ಕಿವಿಗೊಡಬೇಕಾಯಿತು. "ಮಧ್ಯಾಹ್ನ ಎಲ್ರೂ ಮಲಗಿದ್ಮೇಲೆ ಇಳಿದು ಹೋಗಿ, ಆ ಕೊಬ್ಬರಿ ಮೇಲೆ ಬೋರಲು ಮಲ್ಕೊಂಡು ಕೈಕಾಲು ಬಡೀತಿದ್ಲು. ಈ ತುದಿಯಿಂದ ಆ ತುದಿಗೆ. ಮತ್ತೆ ಈ ತುದಿಗೆ."

ಮಾಲಿನಿಯ ಬೆರಳುಗಳ ನಡುವೆ ನೀಲಿ ಚೂರು ಲಟಕ್ಕೆಂದು ಮುರಿಯಿತು.

"ನೀವು ನೋಡಿದ್ರಾ ಅಪ್ಪಾಜಿ?"

"ನೋಡ್ದೆ ಕಣವ್ವಾ" ಎಂದರು ಸದಾಶಿವಯ್ಯ. "ಕಿಟಕಿ ಹಾಕ್ಕೊಂಡೆ."