ಸೇಬು, ಬೀಗ, ಕೊಡೆ

ಚೀಟಿ ಬಿಡಿಸಿ ನೋಡಿದ ಹಿರಿಯ ಡಾಕ್ಟರರ ಮುಖ ಗಂಟಿಕ್ಕಿತು. ಅದರಲ್ಲಿ 'ರೋಗಿ' ಎಂದು ಬರೆದಿತ್ತು.

"ಮಿಕ್ಕ ಚೀಟಿಗಳನ್ನೂ ತೋರಿಸಿ," ಎಂದು ಕೈ ಚಾಚಿದರು. ತರಬೇತಿ ಕೊಡಲು ಹೊರಗಿನಿಂದ ಬಂದು, ಆಟದಲ್ಲಿ ಯಾರಿಗೆ ಯಾವ ಪಾತ್ರವೆಂದು ಚೀಟಿ ಎತ್ತಿಸಿದ್ದ ಮೇಡಂ ನಗುತ್ತಲೇ ತೋರಿಸಿದರು. ನರ್ಸಿನ ಪಾಲಿಗೆ 'ಡಾಕ್ಟರ್' ಬಂದಿತ್ತು, ಔಷಧಿ ಕಿಟಕಿಯವನ ಪಾಲಿಗೆ 'ರೋಗಿಯ ಮಗ'. ಮೋಸವೇನೂ ಕಾಣಲಿಲ್ಲ. ಕಾಣದಿದ್ದರೇನು, ಪಿತೂರಿ ಮಾಡುವವರು ಅದನ್ನು ಚೀಟಿಯ ಮೇಲೆ ಬರೆದಿಟ್ಟು ಮಾಡುತ್ತಾರೆಯೇ?

ಅವರ ಅನುಮಾನ ಬೆಳಿಗ್ಗೆಯೇ ಶುರುವಾಗಿತ್ತು. ಅವರು ಆಸ್ಪತ್ರೆಯೊಳಗೆ ಕಾಲಿಟ್ಟಾಗ ಟೀ ಫ್ಲಾಸ್ಕಿನ ಬಳಿ ನಡೆಯುತ್ತಿದ್ದ ಗುಸುಗುಸು ಗಪ್ಪನೆ ನಿಂತಿತ್ತು. ಆಮೇಲೆ ಈ ತರಬೇತಿ: 'ಹಿರಿಯರ ಮನಸ್ಸಿನ ಆರೈಕೆ, ಎಲ್ಲರೂ ಕೂಡಿ'. ವಯಸ್ಸಾದವರ ಮನಸ್ಸು ನೋಡುವುದರಲ್ಲೇ ತಮ್ಮ ಮನಸ್ಸು ಸವೆಸಿದವರಿಗೆ ಪಾಠವಂತೆ! ಮೀನಿಗೆ ಈಜು ಕಲಿಸಲು ಬಂದಿದ್ದಾರೆ. ಇದು ತರಬೇತಿಯಲ್ಲ, ತಮ್ಮನ್ನು ಮನೆಗೆ ಕಳಿಸುವ ಉಪಾಯ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಹೆಂಡತಿ ತೀರಿಕೊಂಡ ಮೇಲಂತೂ ಎಲ್ಲರೂ ಅವರೊಡನೆ ಮೆತ್ತಗೆ ಮಾತಾಡತೊಡಗಿದ್ದರು. ಮೆತ್ತಗೆ ಮಾತಾಡುವವರನ್ನು ಡಾಕ್ಟರರು ಹುಟ್ಟಿದಾರಭ್ಯ ನಂಬಿದವರಲ್ಲ.

ನರ್ಸು ಡಾಕ್ಟರರ ಕುರ್ಚಿಯಲ್ಲಿ ಕೂತು, ಥೇಟ್ ಅವರಂತೆಯೇ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡಳು. "ಬನ್ನಿ ಯಜಮಾನ್ರೇ, ಕೂತ್ಕೊಳ್ಳಿ. ಮೂರು ಪದ ಹೇಳ್ತೀನಿ, ನೆನಪಿಟ್ಕೊಳ್ಳಿ. ಆಮೇಲೆ ಕೇಳ್ತೀನಿ. ಗಂಟೆ, ದಾರ, ಕುದುರೆ."

"ಬೇರೆ ಪದ ಯಾಕೆ? ನಮ್ಮ ಪದಗಳಿಗೇನಾಗಿದೆ?"

"ನಿಮ್ಮ ಪದ ಇಲ್ಲಿನ ಗೋಡೆಗಳಿಗೂ ಬಾಯಿಪಾಠ ಸಾರ್!"

ಅದು ನಿಜ. ಮರೆವು ಎಂದು ಯಾರೇ ಬರಲಿ, ಡಾಕ್ಟರರು ನೆನಪಿಟ್ಟುಕೊಳ್ಳಲು ಕೊಡುತ್ತಿದ್ದದ್ದು ಒಂದೇ ಮೂರು ಪದ: ಸೇಬು, ಬೀಗ, ಕೊಡೆ. ಬಾಗಿಲಲ್ಲಿ ಕಾಯುವವರು ಒಳಗೆ ಹೋಗುವ ಮೊದಲೇ ಅದನ್ನು ಉರು ಹೊಡೆಯುತ್ತಿದ್ದರು.

"ಊಟ ಸೇರುತ್ತಾ ಯಜಮಾನ್ರೇ?"

"ಚೆನ್ನಾಗಿ ಸೇರುತ್ತೆ."

"ನಿದ್ದೆ?"

"ಮಲಗಿದ್ರೆ ಬೆಳಕು ಹರಿದ ಮೇಲೇ ಎಚ್ಚರ."

ಮಂಡಿನೋವು, ಕಣ್ಣು, ಪೇಪರ್ ಓದುವುದು ಎಲ್ಲ ಕೇಳಿಯಾದ ಮೇಲೆ ನರ್ಸು ಕನ್ನಡಕದ ಮೇಲಿಂದ ನೋಡಿದಳು. "ಈಗ ಆ ಮೂರು ಪದ ಹೇಳಿ ನೋಡೋಣ."

"ಇದೇನು ಮಹಾ? ಸೇಬು, ಬೀಗ, ಕೊಡೆ."

ಕೋಣೆಯೆಲ್ಲ ನಗು. "ಅಬ್ಬಾ, ಏನು ಆ್ಯಕ್ಟಿಂಗ್ ಸಾರ್ ನಿಮ್ದು!" ಎಂದ ಔಷಧಿ ಕಿಟಕಿಯವನು. ಡಾಕ್ಟರರೂ ನಕ್ಕರು. ಆದರೆ ಅವರು ಆ್ಯಕ್ಟಿಂಗ್ ಮಾಡಿರಲಿಲ್ಲ. ಇದು ಬಾಯಿಯ ರೂಢಿಯೋ, ನೆನಪಿನ ತೂತೋ? ಎಷ್ಟು ತಡಕಿದರೂ ಒಂದು ಕುದುರೆ ಮಾತ್ರ ಸಿಕ್ಕಿತು.

"ಈಗ ಮಗನೂ ಡಾಕ್ಟರೂ ಈ ರೋಗಿಯಲ್ಲಿ ಕಂಡದ್ದನ್ನ ಒಬ್ಬೊಬ್ಬರಾಗಿ ಹೇಳಿ," ಎಂದರು ಮೇಡಂ. "ಕಲ್ಪಿಸಿಕೊಂಡೇ ಹೇಳಿ. ನೆನಪಿರಲಿ, ಈ ವಯಸ್ಸಲ್ಲಿ ದುಃಖವೂ ಮರೆವಿನ ವೇಷ ಹಾಕ್ಕೊಂಡು ಬರುತ್ತೆ. ಸರಿಯಾಗಿ ನೋಡಿದ್ರೆ ಗುಣವಾಗೋದೂ ಉಂಟು."

ಔಷಧಿ ಕಿಟಕಿಯವನು ಗಂಟಲು ಸರಿಮಾಡಿಕೊಂಡ. "ನಮ್ಮಪ್ಪ ಚೀಟೀಲಿ ಒಂದೇ ಮಾತ್ರೇನ ಎರಡೆರಡು ಸಲ ಬರೀತಾರೆ..." ಎಂದವನು ತಟ್ಟನೆ ತಡವರಿಸಿದ. "ಮಾತ್ರೆ ಅಲ್ಲ, ಸಾಮಾನು. ಅಂಗಡಿ ಸಾಮಾನು. ನಾನು ಸುಮ್ನೆ ಒಂದನ್ನ ಹೊಡೆದುಹಾಕ್ತೀನಿ. ಪಾಪ, ಅವರಿಗೆ ಬೇಜಾರಾಗಬಾರದಲ್ಲ."

ನರ್ಸು ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಅವಳ ದನಿ ಈಗ ಅವಳದೇ ಆಗಿತ್ತು. "ಊಟ ಸೇರುತ್ತೆ ಅಂತಾರೆ. ಆದ್ರೆ ತಂದ ಡಬ್ಬಿ ಮುಚ್ಚಳ ತೆಗೀದೆ ವಾಪಸ್ ಮನೆಗೆ ಹೋಗುತ್ತೆ. ಹೆಂಡತಿ ಹೋದಾಗಿಂದ."

"ಭೇಷ್! ಎಷ್ಟು ಸಹಜವಾಗಿ ಬಂತು!" ಎಂದರು ಏನೂ ಅರಿಯದ ಮೇಡಂ. "ಆಟ ಮುಗೀತು. ಎಲ್ಲರೂ ಚಪ್ಪಾಳೆ ತಟ್ಟಿ."

ಯಾರೂ ತಟ್ಟಲಿಲ್ಲ.

"ನನಗೆ ಗೊತ್ತಿತ್ತು," ಎಂದರು ಡಾಕ್ಟರರು. "ನನ್ನ ಬೆನ್ನ ಹಿಂದೆ ನೀವಿಬ್ಬರೂ ಕೂತು ಎಲ್ಲ ಮಾತಾಡ್ಕೊಂಡಿದ್ದೀರಿ. ಬೆಳಿಗ್ಗೆ ಟೀ ಹತ್ತಿರ ಇದೇ ತಾನೆ ಗುಸುಗುಸು?"

"ಅಯ್ಯೋ, ಅದು ಈ ತರಬೇತಿಯಿಂದ ಹೇಗೆ ತಪ್ಪಿಸ್ಕೊಳ್ಳೋದು ಅಂತ ಸಾರ್," ಎಂದ ಔಷಧಿ ಕಿಟಕಿಯವನು. ಆಮೇಲೆ ನರ್ಸಿನತ್ತ ತಿರುಗಿದ. "ಡಬ್ಬಿ ವಿಷಯ ನನಗೆ ಗೊತ್ತೇ ಇರಲಿಲ್ಲ ಸಿಸ್ಟರ್."

"ಮಾತ್ರೆ ಚೀಟಿ ವಿಷಯ ನನಗೂ ಗೊತ್ತಿರಲಿಲ್ಲ." ಅವಳ ಕಣ್ಣು ತುಂಬಿತ್ತು. "ನಾವು ಮಾತಾಡ್ಕೊಂಡಿರಲಿಲ್ಲ ಸಾರ್. ತಪ್ಪಾಗಿದ್ದೇ ಅದು."

ಡಾಕ್ಟರರು ಸಿಟ್ಟಿನಿಂದ ಅರ್ಧ ಎದ್ದರು. ಹೀಗೆ ಒಬ್ಬರಿಗೊಬ್ಬರು ಹೇಳದೆ ಮುಚ್ಚಿಟ್ಟುಕೊಂಡು ಬಂದ ಎಷ್ಟೋ ಮಕ್ಕಳಿಗೆ, ಸೊಸೆಯಂದಿರಿಗೆ ಇದೇ ಕೋಣೆಯಲ್ಲಿ ಗದರಿದ್ದರು: ಮೊದಲೇ ಯಾಕ್ರೀ ಕರ್ಕೊಂಡು ಬರಲಿಲ್ಲ? ಆ ಮಾತೇ ಈಗಲೂ ನಾಲಿಗೆಯ ತುದಿಗೆ ಬಂದಿತು. ಯಾರಿಗೆ ಹೇಳುವುದೆಂದು ತಿಳಿಯದೆ ನಿಂತರು.

ನರ್ಸು ಅವರಿಗೆ ಜಾಗ ಬಿಟ್ಟುಕೊಡಲು ಎದ್ದಳು. ಅವರು ಬೇಡವೆಂದು ಕೈಸನ್ನೆ ಮಾಡಿ ರೋಗಿಯ ಕುರ್ಚಿಯಲ್ಲೇ ಮತ್ತೆ ಕೂತರು. ಜೇಬಿನ ಪೆನ್ನು ತೆಗೆದು ಅವಳ ಮುಂದೆ ಮೇಜಿನ ಮೇಲಿಟ್ಟರು.

"ಆ ಮೂರು ಪದ ಇನ್ನೊಂದ್ಸಲ ಹೇಳಿ," ಎಂದರು, "ಡಾಕ್ಟ್ರೇ."