ಪಾದ ತೊಳೆಯುವ ಗುರುವಾರ

ಪೊಲೀಸರು ಇನ್ನೂ ಬಂದಿರಲಿಲ್ಲ. ಕುಬೇರಪ್ಪನವರು ಮತ್ತೊಮ್ಮೆ ಗೇಟಿಗೆ ಹೋಗಿ ರಸ್ತೆ ನೋಡಿ ಬಂದರು.

ಗಂಗಾವತಿಯಿಂದ ಹುಲಿಗೆಮ್ಮನ ಗುಡಿಯಿರುವ ಹುಲಿಗಿಗೆ ಹೋಗುವ ರಸ್ತೆಯ ಮಗ್ಗುಲಲ್ಲಿ, ಜಹೀರನ ಗ್ಯಾರೇಜಿಗೆ ಹೊಂದಿಕೊಂಡು ತಗಡಿನ ಸೂರಿನ ಪ್ರಾರ್ಥನಾ ಮಂದಿರ. ಕುಬೇರಪ್ಪನವರು ಅಲ್ಲಿಯ ಸಭೆಯ ಹಿರಿಯರು. ಠಾಣೆಗೆ ದೂರು ಹೋಗಿದೆ ಎಂಬ ಸುದ್ದಿ ತಂದವರೂ ಅವರೇ. ಶುಭ ಶುಕ್ರವಾರದ ಹಿಂದಿನ ದಿನ ಇಲ್ಲಿ ಹಿಂದೂಗಳನ್ನು ಕೂರಿಸಿ, ನೀರು ಹಾಕಿ ಮತಾಂತರ ಮಾಡುತ್ತಾರೆ ಎಂಬುದು ದೂರು. ಹಾಗೆ ಕೂತ ಹಿಂದೂ ಒಬ್ಬ ಸಿಕ್ಕರೂ ಸಾಕು, ಪಾಸ್ಟರ್ ಶಾಂತಕುಮಾರರು ಜೈಲಿಗೆ, ಮಂದಿರಕ್ಕೆ ಬೀಗ.

“ಕಾಲು ತೊಳ್ಯಾಕ ಈ ವರ್ಷನೂ ನಮ್ಮ ಹಳೇ ಮಂದಿನ್ನ ಕುಂದ್ರಿಸಿಬಿಡ್ರಿ ಪಾಸ್ಟರ್. ಹೊಸಾ ಮಾರಿ ಕಂಡ್ರ ಪೊಲೀಸ್ರಿಗೆ ಅನುಮಾನ ಬರ್ತೈತಿ,” ಎಂದು ಅವರು ಬೆಳಿಗ್ಗೆಯೇ ಹೇಳಿ ನೋಡಿದ್ದರು.

“ಬರ್ರಿ ಅಂತ ಕರದೀನಿ. ಈಗ ಬರಬ್ಯಾಡ್ರಿ ಅಂತ ಹೆಂಗ ಹೇಳ್ಲಿ?” ಎಂದಿದ್ದರು ಪಾಸ್ಟರ್.

ದೂರು ಕೊಟ್ಟವನು ಜಹೀರನೇ ಎಂದು ಸಭೆ ಆಗಲೇ ತೀರ್ಮಾನಿಸಿತ್ತು. ಮಂದಿರದ ಮೈಕಿನ ಸದ್ದಿಗೆ ತಕರಾರು ತೆಗೆದವನು. ಇನ್ನೇನು ಸಾಕ್ಷಿ ಬೇಕು? ಕುಬೇರಪ್ಪನವರು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಸುಮ್ಮಸುಮ್ಮನೆ ಒಬ್ಬರ ಮೇಲೆ ಅಪವಾದ ಹೊರಿಸುವುದು ಹಿರಿಯರಾದವರಿಗೆ ತರವಲ್ಲ.

ಯೇಸು ಸ್ವಾಮಿ ಶಿಲುಬೆಗೆ ಹೋಗುವ ಹಿಂದಿನ ದಿನ ಶಿಷ್ಯರ ಪಾದ ತೊಳೆದನಲ್ಲ, ಅದರ ನೆನಪಿಗೆ ಪಾಸ್ಟರ್ ಹನ್ನೆರಡು ಮಂದಿಯನ್ನು ಕುರ್ಚಿಯಲ್ಲಿ ಕೂರಿಸಿ ಪಾದ ತೊಳೆಯುವುದು ಪದ್ಧತಿ. ಇಷ್ಟು ವರ್ಷ ಆ ಕುರ್ಚಿಗಳು ಸಭೆಯ ದೊಡ್ಡವರಿಗೇ ಮೀಸಲು. ಮೊದಲನೆಯದು ಕುಬೇರಪ್ಪನವರದು. ಎಲ್ಲರೂ ಮನೆಯಲ್ಲೇ ಸಾಬೂನು ಹಚ್ಚಿ, ಉಗುರು ತೆಗೆದು, ಹಿಮ್ಮಡಿಯನ್ನು ಕಲ್ಲಿಗೆ ತಿಕ್ಕಿಕೊಂಡು ಬರುತ್ತಿದ್ದುದರಿಂದ ಬೋಗುಣಿಯ ನೀರು ಕೊನೆಯ ತನಕ ತಿಳಿಯಾಗಿಯೇ ಇರುತ್ತಿತ್ತು. ಹೊಸದಾಗಿ ಬಂದ ಶಾಂತಕುಮಾರರಿಗೆ ಇದು ಸರಿಕಾಣಲಿಲ್ಲ. ತೊಳೆದ ಕಾಲನ್ನು ಮತ್ತೇನು ತೊಳೆಯುವುದು? ಈ ಸಲ ಕೊನೆಯ ಸಾಲಿನಲ್ಲಿ ಕೂರುವ ಗಿರಣಿ ಹಮಾಲರನ್ನೂ ಗದ್ದೆ ಕೂಲಿಯವರನ್ನೂ ಮುಂದೆ ಕರೆದಿದ್ದರು. ತಮ್ಮ ಕುರ್ಚಿ ಹೋದದ್ದಕ್ಕೆ ಕುಬೇರಪ್ಪನವರು ಬೇಸರ ತೋರಿಸಲಿಲ್ಲ. ಅವರ ತಾಳ್ಮೆಯನ್ನು ಎಲ್ಲರೂ ಮೆಚ್ಚಿಕೊಂಡರು.

ಇಳಿಹೊತ್ತಿಗೆ ಆರಾಧನೆ ಶುರುವಾಯಿತು. ಒಂದು ಕುರ್ಚಿ ಖಾಲಿ. ಪೊಲೀಸರ ಹೆದರಿಕೆಗೆ ಹಮಾಲನೊಬ್ಬ ಬಂದಿರಲಿಲ್ಲ. ಕುಬೇರಪ್ಪನವರು ಸರಸರನೆ ರಸ್ತೆಗೆ ಹೋಗಿ, ಹೊರಟಿದ್ದವನೊಬ್ಬನನ್ನು ಕೈಹಿಡಿದು ಕರೆತಂದರು. ಬರಿಗಾಲು, ಮೊಣಕಾಲ ತನಕ ಧೂಳು, ಹಣೆ ತುಂಬ ಕುಂಕುಮ.

ಪಾಸ್ಟರರ ಹೆಂಡತಿ ಅನುಸೂಯಾ ಓಡಿ ಬಂದಳು. “ಹಿರೇರ, ಇವತ್ತ ಇವನ್ನ ಕರಕೊಂಡು ಬಂದೀರಲ್ರಿ? ಪೊಲೀಸ್ರು ನೋಡಿದ್ರ ಏನು ಗತಿ?”

“ಯೇಸು ಸ್ವಾಮಿ ಯಾರಿಗೆ ಒಳಗ ಬರಬ್ಯಾಡ ಅಂದಾನ್ರಿ, ಅಮ್ಮಾರ?”

ಅನುಸೂಯಾ ನಾಚಿ, ಖಾಲಿ ಕುರ್ಚಿ ಸರಿಸಿ ಕೊಟ್ಟಳು.

ಬಂದವನು ಕುರ್ಚಿಯಲ್ಲಿ ಕೂತನೋ ಇಲ್ಲವೋ, ಹವಾಲ್ದಾರ ವಿರುಪಣ್ಣ ಮಫ್ತಿಯಲ್ಲಿ ಬಂದು ಬಾಗಿಲಿಗೆ ಒರಗಿ ನಿಂತ. ಹಾಡು ನಿಂತಿತು. ಪಾಸ್ಟರ್ ಒಬ್ಬರೇ ತಲೆ ಎತ್ತಲಿಲ್ಲ. ಒಬ್ಬೊಬ್ಬರ ಪಾದ ತೊಳೆಯುತ್ತ ಬಂದರು. ನೀರು ಕೆಸರಾಗಿ, ಬಕೀಟು ಬರಿದಾಯಿತು. ಬಾಗಿಲಲ್ಲಿ ಇಣುಕಿದ್ದ ಜಹೀರ ತನ್ನ ನಲ್ಲಿಯಿಂದ ಒಂದು ಬಕೀಟು ತುಂಬಿ ತಂದಿಟ್ಟು, “ಮೈಕು ಸ್ವಲ್ಪ ಸಣ್ಣ ಮಾಡ್ರಿ,” ಎಂದು ಹೇಳಿ ಹೋದ.

ಪಾಸ್ಟರ್ ಕೊನೆಯವನ ಮುಂದೆ ಮೊಣಕಾಲೂರಿದರು. “ಯಾ ಊರಪಾ?”

“ಕಾರಟಗಿ ಕಡ್ಯಾಂವ್ರಿ. ಹೆಸರು ಕಳಕಪ್ಪ. ನಾಳಿ ಹುಣ್ಣಿವಿ ಅಲ್ರಿ, ಹುಲಿಗಿಗೆ ನಡಕೊಂತ ಹೊಂಟೀನಿ. ದಾರಿ ತುಂಬ ಮಂದಿ ಕಾಲು ತೊಳದು ಮಜ್ಜಿಗಿ ಕೊಡಾಕತ್ಯಾರ. ಆದ್ರ ಬೆರಳ ಸಂದ್ಯಾಗ ಕೈ ಹಾಕಿ ಹಿಂಗ ತೊಳದಾರು ನೀವ ನೋಡ್ರಿ. ನಿಮ್ಮದೂ ಹುಲಿಗೆಮ್ಮನ ಸೇವಾ ಏನ್ರಿ?”

ವಿರುಪಣ್ಣ ಎರಡು ಹೆಜ್ಜೆ ಮುಂದೆ ಬಂದ.

ಪಾಸ್ಟರ್ ಬೊಬ್ಬೆ ಎದ್ದ ಅಂಗಾಲನ್ನು ಮೆಲ್ಲಗೆ ಒರೆಸಿ ಕೊಬ್ಬರಿ ಎಣ್ಣೆ ಹಚ್ಚಿದರು. “ಅಲ್ಲಪಾ, ನಾವು ಯೇಸು ಸ್ವಾಮಿ ಮಂದಿ. ಆತ ತೊಳೀರಿ ಅಂದಾನ, ತೊಳದ್ವಿ. ಡಾಂಬರು ಕಾದೈತಿ, ಮಗ್ಗಲ ಮಣ್ಣಾಗ ನಡಿ. ಹುಷಾರಾಗಿ ಹುಲಿಗಿ ಮುಟ್ಟು.”

ವಿರುಪಣ್ಣ ಕಳಕಪ್ಪನನ್ನು ಹೊರಗೆ ಕರೆದು ವಿಚಾರಿಸಿದ. “ದೇವ್ರನ್ನ ಬದಲು ಮಾಡು ಅಂದ್ರೇನು?”

“ಇಲ್ರಿ ಸಾಹೇಬ್ರ. ಮಣ್ಣಾಗ ನಡಿ ಅಂದ್ರು.”

ಇದನ್ನು ಯಾವ ಕಲಮಿನಡಿ ತರುವುದೆಂದು ವಿರುಪಣ್ಣನಿಗೆ ತೋಚಲಿಲ್ಲ. “ಇಷ್ಟಕ್ಕ ಈ ಬಿಸಿಲಾಗ ಓಡಿ ಬಂದ್ನಿ ನೋಡ್ರಿ,” ಎಂದು ಕುಬೇರಪ್ಪನವರಿಗೆ ಹೇಳಿ ಬೈಕು ಹತ್ತಿದ. ಕಳಕಪ್ಪ ರಸ್ತೆಯ ಮಗ್ಗುಲ ಮಣ್ಣಿನಲ್ಲಿ ಹುಲಿಗಿಯ ಕಡೆ ನಡೆದ. ಗಂಡ ಉಳಿದನೆಂದು ಅನುಸೂಯಾ ಅತ್ತೇಬಿಟ್ಟಳು.

ಸಭೆ ಚದುರಿತು. ಕುಬೇರಪ್ಪನವರು ಕುರ್ಚಿಗಳನ್ನು ಎತ್ತಿಡುತ್ತಿದ್ದರು. ಎಲ್ಲರ ಮುಖದಲ್ಲಿದ್ದ ಗೆಲುವು ಅವರ ಮುಖದಲ್ಲಿ ಇರಲಿಲ್ಲ. ಪಾಪ, ಬೆಳಗಿನಿಂದ ದಣಿದಿದ್ದಾರೆ ಎಂದುಕೊಂಡಳು ಅನುಸೂಯಾ. ಪಾಸ್ಟರ್ ಕೆಸರು ನೀರು ಚೆಲ್ಲಿ ಹೊಸ ನೀರು ತಂದು, ಅವರ ಎದುರಿಗಿಟ್ಟರು.

“ಎಲ್ಲಾರದೂ ಮುಗೀತಲ್ರಿ ಪಾಸ್ಟರ್. ಈ ನೀರು ಯಾರಿಗೆ?”

“ನಿಮಗ್ರಿ. ಕೂಡ್ರಿ.”

ಕುಬೇರಪ್ಪನವರು ಅರೆಮನಸ್ಸಿನಿಂದ ಕೂತರು. ಪಾಸ್ಟರ್ ಮೊಣಕಾಲೂರಿ ಅವರ ಪಾದಗಳನ್ನು ಎತ್ತಿ ನೀರಲ್ಲಿಟ್ಟರು.

“ಬಿಸಿಲಾಗ ಠಾಣೆ ತನಕ ನಡದು ದೂರು ಕೊಟ್ಟು ಬಂದ ಕಾಲು ಇವು, ಕುಬೇರಪ್ಪನವರ, ಭಾಳ ನೊಂದಿರತಾವ.”