ನಡುಬಾಗಿಲಿನ ಮರ

ಕೆಡವಲಿದ್ದ ಮನೆಯ ನಡುಬಾಗಿಲ ಮುಂದೆ ಕೂತು ಚಂದ್ರಾಚಾರಿ ಒಂದು ಮೂಲೆಯ ಹಳೇ ಬಣ್ಣವನ್ನು ಉಳಿಯಿಂದ ಕೆರೆದ.

“ಮೌನೇಶಾಚಾರ್ರು ಇದು ಬೀಟೆ ಅಂದ್ರು,” ಎಂದರು ಮನೆಯೊಡತಿ. “ಕೆರೆಯೋದೂ ಬೇಡ ಅವರಿಗೆ. ಬೆರಳಲ್ಲಿ ತಟ್ಟಿ ನೋಡಿದ್ರೆ ಸಾಕು.”

ಉಳಿ ನಿಂತಿತು. ಯಾವ ಮನೆಗೆ ಹೋದರೂ ಇದೇ ಹಾಡು. ಇಪ್ಪತ್ತು ವರ್ಷದಿಂದ ಊರಿನ ಒಳ್ಳೆಯ ಕೆಲಸವೆಲ್ಲ ಮೌನೇಶನಿಗೆ, ಮುರಿದ ಕಿಟಕಿಗಳ ರಿಪೇರಿ ಮಾತ್ರ ತನಗೆ.

ಬಣ್ಣದಡಿ ನೇರಳೆಗಪ್ಪು ಗೆರೆಗಳು ಹೊಳೆದವು. ಬೀಟೆಯೇ, ಅನುಮಾನವಿರಲಿಲ್ಲ. ಅವನು ಅದರ ಮೇಲೆ ಹೆಬ್ಬೆರಳಿಟ್ಟು ಮುಚ್ಚಿದ.

“ಅವನಿಗೇನು ಗೊತ್ತಮ್ಮಾ? ಇದು ಬರೀ ಮಾವು. ಒಲೆಗೆ ಹಾಕಿ.”

“ನಿಜವಾಗ್ಲೂ?”

“ನಮ್ಮಪ್ಪನ ಉಳಿ ಇದು. ಮುಟ್ಟಿ ಹೇಳ್ತೀನಿ.”

ಆಕೆ ಕೆಲಸದವರತ್ತ ತಿರುಗಿದರು. “ಇದನ್ನೂ ಸೌದೆಗೆ ಸೀಳಿಬಿಡ್ರಪ್ಪಾ.”

ಮೊದಲ ಕೊಡಲಿ ಏಟು ಬಿತ್ತು.

“ಸುಮ್ನೆ ನಿಮ್ಮನ್ನ ಕರೆಸ್ದೆ, ಆಚಾರ್ರೇ. ‘ಇದು ಚಂದ್ರನ ಅಪ್ಪ ಮಾಡಿದ ಬಾಗಿಲು, ನನಗೆ ಬೇಡ, ಅವನಿಗೇ ಕೊಡಿ’ ಅಂತ ಮೌನೇಶಾಚಾರ್ರು ಕೈಮುಗಿದು ಹೇಳಿದ್ರು.”